ಕೊನೆಯ ಮೆಟ್ಟಿಲಿನ ಕಾಡು

ಹದಿನೆಂಟು ಮಕ್ಕಳ ಹಿಂದೆ ದಿನಕ್ಕೆ ಒಂಬತ್ತು ಗಂಟೆ ಓಡಾಡಿ ಬಂದು ಮನೆಯಲ್ಲಿ ದಸರಾ ಗೊಂಬೆ ಕೂರಿಸುವುದು ಎಂದರೆ ಏನು ಎನ್ನುವುದು ಕೂರಿಸಿದವರಿಗೇ ಗೊತ್ತು. ಯಾರೂ ಬಲವಂತ ಮಾಡಿರಲಿಲ್ಲ. ಮಗ ಚಿರಂತನ್ ಷಾರ್ಲಟ್‌ಗೆ ಕಾಲೇಜಿಗೆ ಹೋದ ಮೇಲೆ ಏಣಿ ಹತ್ತಿ ಡಬ್ಬ ಇಳಿಸಿಕೊಡುವವರೂ ಇಲ್ಲ. ಗಂಡ ಕೇಶವಮೂರ್ತಿ "ಈ ಸಲ ಪಟ್ಟದ ಗೊಂಬೆ ಎರಡೇ ಇಟ್ಟು ಕೈ ಮುಗಿದುಬಿಡೇ" ಅಂದರು. ಹಾಗಂದ ಕೂಡಲೇ ನನಗೆ ಹಟ ಬಂತು. ಏಳು ಮೆಟ್ಟಿಲೂ ಕೂರಿಸಿದೆ. ಅದು ನನ್ನ ಕರ್ಮ.

ನಾನು ಪ್ರತಿಭಾ. ಅಮೆರಿಕದ ಕ್ಯಾರಿ ಅನ್ನುವ ಊರಿನ ಒಂದು ಪ್ರೀಸ್ಕೂಲಿನಲ್ಲಿ ಅಸಿಸ್ಟೆಂಟ್ ಟೀಚರ್. ಅಸಿಸ್ಟೆಂಟ್ ಅಂತ ಬೋರ್ಡಿನ ಮೇಲೆ ಮಾತ್ರ. ಕ್ಲಾಸಿನ ದೊಡ್ಡ ಟೀಚರ್ ಆಗಸ್ಟಿನಲ್ಲೇ ಕೆಲಸ ಬಿಟ್ಟು ಹೋದಳು, ಬದಲಿಗೆ ಯಾರೂ ಬರಲಿಲ್ಲ. ಊರಿನಲ್ಲಿ ಹೈಸ್ಕೂಲಿನ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದವಳು ಇಲ್ಲಿ ವೀಸಾದ ದೆಸೆಯಿಂದ ಒಂಬತ್ತು ವರ್ಷ ಮನೆಯಲ್ಲಿ ಕೂತೆ. ಕೊನೆಗೆ ಪರ್ಮಿಟ್ ಬಂದಾಗ ಸಿಕ್ಕಿದ ಕೆಲಸ ಇದು. ಮೂಗು ಒರೆಸುವುದು, ಜಿಪ್ ಹಾಕುವುದು, ಯಾರು ಯಾರನ್ನು ಕಚ್ಚಿದರು ಎಂದು ರಿಪೋರ್ಟ್ ಬರೆಯುವುದು. ನಲವತ್ತೇಳು ವರ್ಷಕ್ಕೆ ನನ್ನ ಮಂಡಿ ಎರಡೂ ಕಟಕಟ ಅನ್ನುತ್ತವೆ.

ಕೇಲಿ ನನ್ನ ಕ್ಲಾಸಿನ ಹುಡುಗಿ. ಈಗ ಅವಳಿಗೆ ಐದು. ಅವಳ ಕಥೆ ಹೇಳಬೇಕಾದರೆ ಕಳೆದ ವರ್ಷದ ನವೆಂಬರಿನಿಂದ ಶುರು ಮಾಡಬೇಕು.

ಥ್ಯಾಂಕ್ಸ್‌ಗಿವಿಂಗ್ ಬಂತೆಂದರೆ ನಮ್ಮ ಸ್ಕೂಲಿನಲ್ಲಿ ಕಂದು ಕಾಗದದ ಪಟ್ಟಿಗೆ ಬಣ್ಣದ ಗರಿ ಅಂಟಿಸಿ ಮಕ್ಕಳ ತಲೆಗೆ ಕಟ್ಟುವ ಪದ್ಧತಿ. ಅರ್ಧ ಮಕ್ಕಳು ಹಡಗಿನಲ್ಲಿ ಬಂದ ಬಿಳಿಯರಾಗಬೇಕು, ಅರ್ಧ ಮಕ್ಕಳು ಇಲ್ಲಿನ ಮೂಲನಿವಾಸಿಗಳಾಗಿ ಗರಿ ಕಟ್ಟಿಕೊಂಡು ಅವರಿಗೆ ಮುಸುಕಿನ ಜೋಳ ಕೊಡಬೇಕು. ಗರಿ ಕತ್ತರಿಸಿ ಕತ್ತರಿಸಿ ನನ್ನ ಹೆಬ್ಬೆರಳಿಗೆ ಬೊಬ್ಬೆ ಬಂದಿತ್ತು. ಕೇಲಿ ಮಾತ್ರ ಪಟ್ಟಿ ಕಟ್ಟಿಸಿಕೊಳ್ಳಲಿಲ್ಲ. "ನಾವು ಲಂಬೀ. ನಾವು ಇದನ್ನು ಹಾಕೊಳ್ಳಲ್ಲ" ಅಂದಳು. ಇವಳ ಅಜ್ಜಿ ಊರು ಇಲ್ಲಿಂದ ದಕ್ಷಿಣಕ್ಕೆ ಒಂದೂವರೆ ಗಂಟೆಯ ಡ್ರೈವ್. ಲಂಬೀ ಜನ ಈ ನೆಲದಲ್ಲಿ ಎಲ್ಲರಿಗಿಂತ ಮೊದಲಿನಿಂದ ಇರುವವರು. ಪಕ್ಕದಲ್ಲಿ ಕೂತಿದ್ದ ಇನ್ನೊಂದು ಮಗು, "ನೀನು ನಿಜವಾದವಳಲ್ಲ. ಅವರೆಲ್ಲ ಸತ್ತುಹೋದರು ಅಂತ ನಮ್ಮಣ್ಣ ಹೇಳಿದಾನೆ" ಎಂದಿತು. ಇವೆಲ್ಲ ಮಾತೂ ಇಂಗ್ಲಿಷಿನಲ್ಲೇ ನಡೆದದ್ದು. ನಾನು ನನ್ನ ಬಾಯಲ್ಲಿ ಹೇಳುತ್ತಿದ್ದೇನೆ, ಅಷ್ಟೆ. ಕೇಲಿ ಅಳಲಿಲ್ಲ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿದಳಂತೆ: "ನಾವು ಸತ್ತುಹೋಗಿದ್ದೀವಾ?"

ಮಾರನೆಯ ಬೆಳಿಗ್ಗೆ ಅಜ್ಜಿ ಬಂದರು. ಮಿಸ್ ಡೆಲೋರಿಸ್. ಅರವತ್ತೊಂಬತ್ತು ವರ್ಷ. ಅವರ ಊರಿನಲ್ಲೇ ಮೂವತ್ತೊಂದು ವರ್ಷ ಎರಡನೇ ಕ್ಲಾಸಿನ ಟೀಚರ್ ಆಗಿದ್ದವರು, ಗಂಡ ಹೋದ ಮೇಲೆ ಮಗಳ ಮನೆಗೆ ಬಂದಿದ್ದರು. ಕೂಗಾಡುತ್ತಾರೆ ಎಂದುಕೊಂಡು ನಮ್ಮ ಡೈರೆಕ್ಟರ್ ಮೊದಲೇ ಒಂದು ಕ್ಷಮಾಪಣೆಯ ಮುಖ ತಯಾರು ಮಾಡಿಟ್ಟುಕೊಂಡಿದ್ದಳು. ಅವರು ಕೂಗಾಡಲಿಲ್ಲ. ಬಟ್ಟೆ ಚೀಲದಿಂದ ಏಳು ಚಿತ್ರಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ಇವನ್ನು ಮಕ್ಕಳಿಗೆ ಓದಿ ಹೇಳ್ತೀನಿ. ವಾರಕ್ಕೆ ಅರ್ಧ ಗಂಟೆ ಸಾಕು" ಎಂದರು. ಡೈರೆಕ್ಟರ್ ನೋಡೋಣ, ಮಾಡೋಣ, ಪೇರೆಂಟ್ಸ್ ಏನಂತಾರೋ ಎಂದು ರಾಗ ಎಳೆದಳು. ಆಗ, ಆ ಸ್ಕೂಲಿಗೆ ಸೇರಿದ ಮೇಲೆ ಮೊದಲ ಸಲ, ನಾನು ಬಾಯಿ ಬಿಟ್ಟೆ. ಶುಕ್ರವಾರ ಬರಲಿ, ನನ್ನ ಜವಾಬ್ದಾರಿ ಅಂದೆ. "ಹಾಗಿದ್ದರೆ ಪೇರೆಂಟ್ಸ್ ಈಮೇಲಿಗೆಲ್ಲ ನೀನೇ ಉತ್ತರ ಕೊಡಬೇಕು" ಅಂದಳು.

ಈಮೇಲ್ ಬಂದವು. ಹೊರಗಿನವರದಕ್ಕಿಂತ ನಮ್ಮವರದೇ ಹೆಚ್ಚು. ಬದರಿನಾಥ ಅಂತ ಬೆಂಗಳೂರಿನವರೊಬ್ಬರು ಪಾರ್ಕಿಂಗ್ ಲಾಟಿನಲ್ಲೇ ಹಿಡಿದು ನಿಲ್ಲಿಸಿ, "ಮೇಡಂ, ಅವರ ಹಿಸ್ಟ್ರಿ ತಗೊಂಡು ನಮ್ಮ ಮಗು ಏನ್ ಮಾಡುತ್ತೆ? ರೀಡಿಂಗ್ ಲೆವೆಲ್ ಮೇಲೆ ಫೋಕಸ್ ಮಾಡಿ ಪ್ಲೀಸ್" ಎಂದರು. ಪುಸ್ತಕ ಓದುವುದೂ ರೀಡಿಂಗೇ ಅಲ್ಲವೇನ್ರೀ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೆಲಸ ಬೇಕಲ್ಲ.

ಆದರೆ ಆ ಮೊದಲ ಶುಕ್ರವಾರವನ್ನು ನಾನು ಮರೆಯುವುದಿಲ್ಲ. ಮಿಸ್ ಡೆಲೋರಿಸ್ ಮಕ್ಕಳ ಚಿಕ್ಕ ಕುರ್ಚಿಯಲ್ಲಿ ಕೂತು ಒಂದು ಪುಸ್ತಕ ತೆರೆದರು. ಅದರಲ್ಲಿ ಒಬ್ಬಳು ಹುಡುಗಿ ಜೀನ್ಸ್ ಹಾಕಿಕೊಂಡು ಸ್ಕೂಲ್ ಬಸ್ ಹತ್ತುತ್ತಾಳೆ, ಲೆಕ್ಕ ತಪ್ಪು ಮಾಡುತ್ತಾಳೆ, ಶನಿವಾರ ಅಜ್ಜಿ ಹೊಲಿದ ಬಟ್ಟೆ ತೊಟ್ಟು ತಮ್ಮ ಜನರ ಕುಣಿತಕ್ಕೆ ಹೋಗುತ್ತಾಳೆ. ಅಷ್ಟೇ ಕಥೆ. ಯಾರೂ ಸಾಯುವುದಿಲ್ಲ, ಯಾರೂ ಯಾರಿಗೂ ಜೋಳ ಕೊಡುವುದಿಲ್ಲ. ಬಸ್ ಹತ್ತುವ ಚಿತ್ರ ಬಂದಾಗ ಕೇಲಿ ಎದ್ದು ಬಂದು ಪುಟದ ಮೇಲೆ ಬೆರಳಿಟ್ಟು, "ಇದು ನಾನು" ಎಂದಳು. ಉಳಿದ ಮಕ್ಕಳೆಲ್ಲ ನುಗ್ಗಿ ಬಂದು ಒಮ್ಮೆ ಪುಟ, ಒಮ್ಮೆ ಅವಳ ಮುಖ ನೋಡಿದರು. ಟಿಶ್ಯೂ ತರುವ ನೆಪದಲ್ಲಿ ಸಿಂಕಿನ ಕಡೆ ಹೋದೆ.

ಅಲ್ಲಿಂದ ನಮ್ಮಿಬ್ಬರಿಗೂ ಒಂದು ಸಲುಗೆ ಬೆಳೆಯಿತು. ಮಕ್ಕಳು ಮಲಗಿದ ಹೊತ್ತಿನಲ್ಲಿ ಇಬ್ಬರೂ ಗೋಡೆಗೆ ಒರಗಿ ಕೂತು ಪಿಸಪಿಸ ಮಾತಾಡುತ್ತಿದ್ದೆವು. ಅವರ ಊರಿನಲ್ಲಿ ಕೋಸಿನ ಎಲೆಯಂಥ ಕಾಲರ್ಡ್ ಸೊಪ್ಪನ್ನು ಮಾಂಸದ ಜೊತೆ ಬೇಯಿಸಿ ಮುಸುಕಿನ ಜೋಳದ ರೊಟ್ಟಿಯ ನಡುವೆ ಇಟ್ಟು ತಿನ್ನುತ್ತಾರೆ. ನಾನು ಮಾಂಸ ತಿನ್ನುವುದಿಲ್ಲವೆಂದು ನನಗೆಂದೇ ಬೇರೆ ಪಾತ್ರೆಯಲ್ಲಿ ಬರೀ ಸೊಪ್ಪು ಬೇಯಿಸಿ ತರುತ್ತಿದ್ದರು. ಈ ದೇಶದಲ್ಲಿ ನನಗಾಗಿ ಬೇರೆ ಪಾತ್ರೆ ಇಟ್ಟವರು ಇನ್ನೊಬ್ಬರಿಲ್ಲ. "ನಿನಗೆ ಅರ್ಥ ಆಗುತ್ತೆ, ಪ್ರತಿಭಾ. ಎಲ್ಲರಿಗೂ ಆಗಲ್ಲ" ಎಂದು ಒಮ್ಮೆ ಅಂದಿದ್ದರು. ಆ ಮಾತನ್ನು ಸರ್ಟಿಫಿಕೇಟಿನ ಹಾಗೆ ಮನಸ್ಸಿನಲ್ಲಿ ಫ್ರೇಮು ಹಾಕಿಸಿಟ್ಟುಕೊಂಡಿದ್ದೆ.

ಈ ಅಕ್ಟೋಬರಿನಲ್ಲಿ ವಿಜಯದಶಮಿ ಶನಿವಾರ ಬಿತ್ತು. ಅದು ಕಳೆದು ಸೋಮವಾರ ಇಲ್ಲಿನ ಮೂಲನಿವಾಸಿಗಳ ದಿನ. ಆ ದಿನ ಮಿಸ್ ಡೆಲೋರಿಸ್ ಇಡೀ ಸ್ಕೂಲಿಗೇ ಓದುವುದು ಅಂತ ನಿಶ್ಚಯವಾಗಿತ್ತು. ನಾನು ಒಂದು ತಿಂಗಳು ಡೈರೆಕ್ಟರ್ ಹಿಂದೆ ಬಿದ್ದು ಒಪ್ಪಿಸಿದ್ದೆ. ಅದೇ ಖುಷಿಯಲ್ಲಿ, ಶನಿವಾರ ಮಧ್ಯಾಹ್ನ ಗೊಂಬೆ ನೋಡಲು ಬನ್ನಿ ಎಂದು ಅಜ್ಜಿ ಮೊಮ್ಮಗಳನ್ನು ಕರೆದೆ.

ಇಬ್ಬರೂ ಮೂರು ಗಂಟೆಗೆ ಸರಿಯಾಗಿ ಬಂದರು. ಅಜ್ಜಿ ತಾವೇ ಹೊಲಿದ, ಲಂಬೀ ಜನರ ಗುರುತಾದ ಪೈನ್ ಕಾಯಿಯ ವಿನ್ಯಾಸದ ಮೇಲಂಗಿ ತೊಟ್ಟಿದ್ದರು. ಕೇಲಿಗೆ ನೇರಳೆ ಫ್ರಾಕು. ಪಕ್ಕದ ಬೀದಿಯ ಸಿದ್ದೇಶ್ವರಿ ಆಗಲೇ ಬಂದು ಕೂತಿದ್ದಳು. ಬೈಲಹೊಂಗಲದವಳು, ಅವರ ಕಡೆ ಗೊಂಬೆ ಕೂರಿಸುವ ರೂಢಿ ಇಲ್ಲ. "ನಾ ಏನು ಗೊಂಬಿ ನೋಡಾಕ ಬರಂಗಿಲ್ರೀ ಯಕ್ಕಾ, ನಿಮ್ಮ ಕೋಡುಬಳಿ ಸಲುವಾಗಿ ಬರ್ತೀನಿ" ಅಂತ ಪ್ರತಿ ವರ್ಷ ಹೇಳಿ ಪ್ರತಿ ವರ್ಷ ಮೊದಲು ಬರುವವಳು ಅವಳೇ.

ಸರಸ್ವತಿ ಪೂಜೆಗೆ ನಾನು ಮಿಸ್ ಡೆಲೋರಿಸ್ ಕೊಟ್ಟಿದ್ದ ಚಿತ್ರಪುಸ್ತಕಗಳನ್ನೂ ಇಟ್ಟಿದ್ದೆ. ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ. ನಮ್ಮಲ್ಲಿ ಪುಸ್ತಕಕ್ಕೆ ಪೂಜೆ ಮಾಡ್ತೀವಿ, ಇವತ್ತೇ ಮತ್ತೆ ಓದಲು ತೆಗೆಯೋದು ಎಂದು ವಿವರಿಸಿದೆ. ಅವರು ಆ ಹೂವನ್ನು ಬೆರಳ ತುದಿಯಿಂದ ಮುಟ್ಟಿ, "ನನ್ನ ಪುಸ್ತಕಕ್ಕೆ ಹೂವು ಇಟ್ಟವರು ಯಾರೂ ಇಲ್ಲ" ಎಂದರು. ಕಣ್ಣು ತೇವವಾಗಿತ್ತು. ನನಗೆ ಹೆಮ್ಮೆಯಿಂದ ಎದೆ ಉಬ್ಬಿಹೋಯಿತು. ಹಾಳು ಹೆಮ್ಮೆ.

ಆಮೇಲೆ ಕೇಲಿಗೆ ಮೆಟ್ಟಿಲು ಮೆಟ್ಟಿಲು ತೋರಿಸುತ್ತ ಬಂದೆ. ಎಲ್ಲಕ್ಕಿಂತ ಮೇಲೆ ಪಟ್ಟದ ರಾಜ ರಾಣಿ. ಕೆಳಗೆ ದೇವರುಗಳು. ಅದರ ಕೆಳಗೆ ಮದುವೆ ದಿಬ್ಬಣ, ವಾಲಗದವರು, ಅಂಗಡಿಯಲ್ಲಿ ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟಿ ದಂಪತಿ. ಶೆಟ್ಟಿಯ ಹೊಟ್ಟೆ ನೋಡಿ ಕೇಲಿ ಬಿದ್ದು ಬಿದ್ದು ನಕ್ಕಳು. ಹಾಗೇ ಕೆಳಗಿಳಿಯುತ್ತ ನೆಲಕ್ಕೆ ಬಂದು ಕುಕ್ಕರಗಾಲಿನಲ್ಲಿ ಕೂತಳು. ಅಲ್ಲಿ, ಕೊನೆಯ ಮೆಟ್ಟಿಲಿನ ಕೆಳಗೆ, ಹಸಿರು ಬಟ್ಟೆ ಹಾಸಿ ನಾನು ಕಾಡು ಮಾಡಿದ್ದೆ. ಕನ್ನಡಿಯ ಕೊಳ, ಅದರಲ್ಲಿ ಪ್ಲಾಸ್ಟಿಕ್ ಮೊಸಳೆ, ಎಡಕ್ಕೆ ಹುಲಿ, ಬಲಕ್ಕೆ ಆನೆ, ಮರದ ಮೇಲೆ ಕೋತಿ. ನಡುವೆ ನಾಲ್ಕು ಮಣ್ಣಿನ ಗೊಂಬೆ. ಕಡುಕಪ್ಪು ಬಣ್ಣ, ಸೊಂಟಕ್ಕೆ ಎಲೆ, ತಲೆಗೆ ಗರಿ, ಕೈಯಲ್ಲಿ ಈಟಿ. ಅತ್ತೆ ದಸರಾ ವಸ್ತುಪ್ರದರ್ಶನದಲ್ಲಿ ತಂದ ಸೆಟ್ಟು, ನಾನು ಸೀರೆಗಳ ನಡುವೆ ಸುತ್ತಿಕೊಂಡು ತಂದದ್ದು. ಹದಿನೇಳು ವರ್ಷದಿಂದ ಅವಕ್ಕೆ ಅದೇ ಜಾಗ. ಈ ಸಲವೂ ಅರೆನಿದ್ದೆಯಲ್ಲಿ ಕೈ ತಾನಾಗಿಯೇ ಅಲ್ಲಿಟ್ಟಿತ್ತು.

"ಇವರು ಯಾರು?" ಎಂದಳು ಕೇಲಿ.

"ಜಂಗಲ್ ಪೀಪಲ್" ಎಂದಳು ಸಿದ್ದೇಶ್ವರಿ, ಕೋಡುಬಳೆ ಮುರಿಯುತ್ತ.

ನನಗೆ ಅದು ಸರಿಬರಲಿಲ್ಲ. ಟೀಚರ್ ಅಲ್ಲವೆ! ಬಗ್ಗಿ, ಚೆನ್ನಾಗಿ ಬಿಡಿಸಿ ಹೇಳಿದೆ: "ಅವರು ಆದಿವಾಸಿಗಳು, ಕೇಲೀ. ನಮ್ಮೂರ ಕಡೆ ಎಲ್ಲರಿಗಿಂತ ಮೊದಲಿನಿಂದ ಇರೋರು."

"ಮೊದಲಿನಿಂದ? ನಮ್ಮ ಹಾಗಾ?"

"ಹೌದು ಬಂಗಾರಿ. ನಿಮ್ಮ ಹಾಗೇ."

ಅವಳು ತಲೆ ಎತ್ತಿ ಮೇಲಿನ ಮೆಟ್ಟಿಲುಗಳನ್ನೆಲ್ಲ ನೋಡಿದಳು. ಮತ್ತೆ ಕೆಳಗೆ ನೋಡಿದಳು. "ಬೇರೆ ಜನ ಎಲ್ಲ ಮೇಲಿದಾರೆ. ನಮ್ಮಂಥೋರು ಯಾಕೆ ಪ್ರಾಣಿಗಳ ಜೊತೆ ಇದಾರೆ?"

ಸಿದ್ದೇಶ್ವರಿ "ಭಾಳ ಶಾಣ್ಯಾ ಅದಾಳ ಬಿಡ್ರಿ ಕೂಸು" ಎಂದು ನಕ್ಕಳು. ಮತ್ಯಾರೂ ನಗಲಿಲ್ಲ. ಅವಳ ನಗುವೂ ಅರ್ಧಕ್ಕೇ ನಿಂತಿತು.

"ಅವರು ಕಾಡಲ್ಲಿ ಇರ್ತಾರಲ್ಲ, ಅದಕ್ಕೆ..." ಎಂದೆ.

"ಅವರಿಗೆ ಶರ್ಟ್ ಇಲ್ವಾ?"

"ಇದು ಹಿಂದಿನ ಕಾಲದ ಗೊಂಬೆ, ಪುಟ್ಟಾ."

"ಹಾಗಿದ್ರೆ ಅವರು ಸತ್ತುಹೋಗಿದಾರಾ?"

"ಇಲ್ಲ, ಇಲ್ಲ!" ಎಂದೆ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ಕೇಲಿ ಬೆಚ್ಚಿ ಅಜ್ಜಿಯ ಕಾಲಿನ ಹತ್ತಿರ ಹೋಗಿ ನಿಂತಳು.

ಮಿಸ್ ಡೆಲೋರಿಸ್ ಸೋಫಾದಲ್ಲಿ ಕೂತೇ ಇದ್ದರು. ಆ ನಾಲ್ಕು ಗೊಂಬೆಗಳನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟು ಕಂಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಅವರಲ್ಲಿ ನಿನಗೆ ಯಾರಾದರೂ ಗೊತ್ತಾ, ಪ್ರತಿಭಾ?" ಎಂದು ಕೇಳಿದರು.

"ಇಲ್ಲ. ಅವರೆಲ್ಲ ಕಾಡಿನ ಒಳಗೆ ಇರ್ತಾರೆ. ತುಂಬಾ ದೂರ."

"ನಮ್ಮನ್ನೂ ಹಾಗೇ ಅಂತಿದ್ದರು" ಎಂದರು. "ನಮ್ಮ ಮನೆ ಮೇನ್ ರೋಡಿನ ಪಕ್ಕದಲ್ಲೇ ಇತ್ತು."

ಗೊಂಬೆ ನೋಡಲು ಬಂದ ಮಕ್ಕಳಿಗೆ ಹಂಚುವ ತಿಂಡಿ, ಚರುಪಿನ ಪೊಟ್ಟಣವನ್ನು ಕೇಲಿಗೆ ಕೊಟ್ಟೆ. ಮರ್ಯಾದೆಗೆ ಇಬ್ಬರೂ ಒಂದೊಂದು ಕೋಡುಬಳೆ ತಿಂದರು. ಹೊರಡುವಾಗ ಪುಸ್ತಕಗಳನ್ನು ಎತ್ತಿಕೊಡಲು ಹೋದರೆ, ಬೇಡ, ನಿನ್ನ ಹತ್ತಿರವೇ ಇರಲಿ ಎಂದರು. ಕಾರಿನವರೆಗೂ ಹೋದೆ. ಕೇಲಿಯನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿ, ಬಾಗಿಲು ಮುಚ್ಚಿ, ಆ ಬಾಗಿಲಿಗೇ ಒರಗಿ ನಿಂತರು.

"ಸೋಮವಾರ ನಾನು ಬರಲ್ಲ."

"ಮಿಸ್ ಡೆಲೋರಿಸ್, ಕೋಪ ಮಾಡ್ಕೋಬೇಡಿ. ನಾನು ಯೋಚನೆ ಮಾಡಲಿಲ್ಲ. ಈಗಲೇ ಅದನ್ನ ತೆಗೆದುಬಿಡ್ತೀನಿ..."

"ಕೋಪ ಅಲ್ಲಮ್ಮಾ. ಕೋಪಕ್ಕೂ ಶಕ್ತಿ ಬೇಕು. ನಾನು ದಣಿದುಹೋಗಿದ್ದೀನಿ. ಆರು ವರ್ಷದವಳಿದ್ದಾಗಿಂದ ಇದನ್ನೇ ವಿವರಿಸ್ತಾ ಬಂದಿದ್ದೀನಿ. ಗೊತ್ತಿಲ್ಲದವರಿಗೆ ವಿವರಿಸಬಹುದು. ನಿನಗೆ ಅರ್ಥ ಆಗಿದೆ ಅಂದುಕೊಂಡಿದ್ದೆ, ಅದಕ್ಕೆ ಇವತ್ತು ಜಾಸ್ತಿ ಸುಸ್ತಾಯ್ತು. ಈಗ ನೋಡು, ಇವಳೂ ಶುರು ಮಾಡಿದಳು. ಐದು ವರ್ಷಕ್ಕೇ." ಗಾಜಿನ ಒಳಗೆ ಕೇಲಿ ಪೊಟ್ಟಣ ಬಿಚ್ಚುತ್ತಿದ್ದಳು. "ಪುಸ್ತಕ ನಿನ್ನ ಹತ್ತಿರ ಇದೆ. ನೀನೇ ಓದು."

"ಮುಂದಿನ ಶುಕ್ರವಾರ?"

"ಗೊತ್ತಿಲ್ಲ" ಎಂದು ಕಾರು ಹತ್ತಿದರು.

ನಾನು ಒಳಗೆ ಬಂದಾಗ ಸಿದ್ದೇಶ್ವರಿ ಚಪ್ಪಲಿ ಮೆಟ್ಟುತ್ತಿದ್ದಳು. "ಹೋಗ್ಲಿ ಬಿಡ್ರಿ ಯಕ್ಕಾ, ಮಣ್ಣಿನ ಗೊಂಬಿಗೆ ಇಷ್ಟ್ಯಾಕ ಮನಸ್ಸಿಗೆ ಹಚ್ಕೋತೀರಿ" ಎಂದು ಬೆನ್ನು ಸವರಿ ಹೋದಳು. ನಾನು ನೆಲದ ಮೇಲೆ ಕೂತು ನಾಲ್ಕೂ ಗೊಂಬೆಗಳನ್ನು ಎತ್ತಿ ಮಡಿಲಿಗೆ ಹಾಕಿಕೊಂಡೆ. ಎಲ್ಲಿಡಬೇಕೋ ತಿಳಿಯಲಿಲ್ಲ. ಮೇಲಿನ ಮೆಟ್ಟಿಲಿಗೆ ಇಟ್ಟರೆ ನಾಟಕ, ಡಬ್ಬಕ್ಕೆ ಹಾಕಿದರೆ ಇನ್ನೊಂದು ಥರದ ನಾಟಕ.

ಮಾಳಿಗೆಯ ಮೇಲೆ ಆಫೀಸಿನ ಮೀಟಿಂಗ್ ಮುಗಿಸಿ ಕೇಶವಮೂರ್ತಿ ಕೆಳಗೆ ಬಂದರು. ಶನಿವಾರವೂ ಮೀಟಿಂಗ್, ಆ ಮನುಷ್ಯನಿಗೂ ಸುಸ್ತೇ. ನಡೆದದ್ದು ಹೇಳಿದೆ. ತಲೆ ಕೆರೆದುಕೊಂಡು, "ಅದು ಸರಿ. ಆದರೆ ಗೊತ್ತಿಲ್ಲ ಅಂತ ಯಾಕೆ ಅಂದೆ?" ಎಂದರು.

"ಏನು ಗೊತ್ತಿಲ್ಲ?"

"ಅವರು ಯಾರೂ ಗೊತ್ತಿಲ್ಲ ಅಂದ್ಯಂತಲ್ಲ. ಕೋಟೆ ಹತ್ರ ಆ ಸ್ಕೂಲಲ್ಲಿ ಇದ್ದಾಗ ನಿನ್ನ ಕ್ಲಾಸಲ್ಲೇ ಇರಲಿಲ್ವಾ? ಒಬ್ಬಳು ಹುಡುಗಿ ವಿಷಯ ಹೇಳ್ತಿದ್ದೆ. ಮ್ಯಾಪ್ ಚೆನ್ನಾಗಿ ಬರೀತಾಳೆ ಅಂತ."

ಮುಖಕ್ಕೆ ರಪ್ಪನೆ ಹೊಡೆದ ಹಾಗಾಯಿತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆದರೆ ಆ ಪ್ರಶ್ನೆ ಬಂದಾಗ ನನ್ನ ಬಾಯಿ ತಾನಾಗಿಯೇ ಬಾಗಿಲು ಹಾಕಿಕೊಂಡಿತ್ತು. ಅದರ ಹಿಂದೆ ಏನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮದುವೆಗೆ ಮುಂಚೆ ಹೆಗ್ಗಡದೇವನ ಕೋಟೆಯ ಕಡೆ ಒಂದು ಹೈಸ್ಕೂಲಿನಲ್ಲಿ ನನಗೆ ಮೊದಲ ಕೆಲಸ. ಕಾಡಿನಿಂದ ಎಬ್ಬಿಸಿ ರಸ್ತೆ ಬದಿಯ ಹಾಡಿಯ ಗುಡಿಸಲುಗಳಿಗೆ ತಂದು ಕೂರಿಸಿದ್ದ ಜೇನುಕುರುಬರ ಮಕ್ಕಳು ಮೂರು ನಾಲ್ಕು ಜನ ಬರುತ್ತಿದ್ದರು. ಎಂಟನೇ ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ. ಕೊನೆಯ ಬೆಂಚು. ಕಪಿಲಾ ನದಿ ಎಲ್ಲಿ ಯಾವ ಕಡೆ ತಿರುಗುತ್ತದೆ ಎಂದು ಪುಸ್ತಕ ನೋಡದೆ ಬರೆಯುತ್ತಿದ್ದಳು. ಸ್ಕೂಲ್ ಡೇ ಬಂತು, ಕಲ್ಚರಲ್ಸ್ ನನ್ನ ತಲೆಗೆ ಬಿತ್ತು. ಎಲ್ಲ ಸ್ಕೂಲಿನಲ್ಲೂ ಇರುವ ಹಾಗೆ ನಮ್ಮಲ್ಲೂ ಒಂದು ಕಾಡುಜನರ ಡ್ಯಾನ್ಸು. ಪೇಟೆಯ ಐವರು ಹುಡುಗಿಯರ ಜೊತೆ ಅವಳನ್ನೂ ಸೇರಿಸಿ, ಎಲ್ಲರ ಮುಂದೆ ನಿಲ್ಲಿಸಿದೆ. ಅವಕಾಶ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ, ದೇವರಾಣೆ. "ನೀನೇ ಅಲ್ವೇನೇ ಒರಿಜಿನಲ್ಲು" ಎಂದು ತಮಾಷೆಯನ್ನೂ ಮಾಡಿದೆ.

ಆ ದಿನ ಅವಳು ಬಿಳಿ ಚೂಡಿದಾರ್ ಹಾಕಿಕೊಂಡು ಬಂದಿದ್ದಳು. ಸ್ಕೂಲ್ ಡೇಗೆಂದೇ ಅವಳ ತಾಯಿ ಕೊಡಿಸಿದ್ದು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ನಾನು ಅದನ್ನು ಬಿಚ್ಚಿಸಿ ಸೊಪ್ಪು ಕಟ್ಟಿಸಿದೆ. ಇದ್ದಿಲನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ, ಕೈಗೆ, ಕಾಲಿಗೆ ಬಳಿದೆ. ಟೇಪ್ ರೆಕಾರ್ಡರ್ ಹಾಕಿದವನು ವೀರಣ್ಣ ಅಂತ ಗುಮಾಸ್ತ. ಮಕ್ಕಳು ಹೋ ಎಂದು ಕೂಗುತ್ತ ಕುಣಿದರು, ಹೆಡ್‌ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು, ಫಸ್ಟ್ ಪ್ರೈಜ್ ಬಂತು. ಅವಳ ತಾಯಿ ಹಿಂದಿನ ಸಾಲಿನಲ್ಲಿ ನಿಂತಿದ್ದಳು ಎಂದು ಆಮೇಲೆ ಯಾರೋ ಹೇಳಿದರು. ಸೋಮವಾರದಿಂದ ಹುಡುಗಿ ಬರಲಿಲ್ಲ. ನಾನು ದಿನಾ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬರೆದೆ. ಹಾಡಿ ಸ್ಕೂಲಿಗೆ ಎರಡು ಕಿಲೋಮೀಟರ್ ಇತ್ತು. ಒಂದು ದಿನವೂ ಹೋಗಿ ಕೇಳಲಿಲ್ಲ. "ಆ ಜನ ಹಾಗೇ ಮೇಡಂ, ನಿಲ್ಲಲ್ಲ" ಎಂದರು ಹೆಡ್‌ಮಾಸ್ಟರು. ನಾನೂ ಹೂಂ ಅಂದೆ. ಹೆಸರು ಹೊಡೆದುಹಾಕಿದೆವು.

ಸೋಮವಾರ ಡೈರೆಕ್ಟರ್‌ಗೆ ಮಿಸ್ ಡೆಲೋರಿಸ್ ಬರುವುದಿಲ್ಲ ಎಂದು ಹೇಳಿದೆ. "ಸರಿ, ಹಾಗಿದ್ದರೆ ಕ್ಯಾನ್ಸಲ್" ಅಂದಳು, ಒಂದು ಕ್ಷಣವೂ ಯೋಚಿಸದೆ. ನನ್ನ ಕ್ಲಾಸಿಗಾದರೂ ನಾನು ಓದುತ್ತೇನೆ ಎಂದೆ. ಭುಜ ಕುಣಿಸಿದಳು.

ಕೇಲಿಯನ್ನು ಅವಳಮ್ಮ ಬಿಟ್ಟು ಹೋಗಿದ್ದಳು. ಎಂದಿನಂತೆ ಓಡಿಬಂದು ನನ್ನ ಕಾಲು ತಬ್ಬಿಕೊಳ್ಳಲಿಲ್ಲ. ಜಮಖಾನದ ಮೇಲೆ ಮಕ್ಕಳೆಲ್ಲ ಕೂತಾಗ ಅವಳು ಎಲ್ಲರ ಹಿಂದೆ, ಬೀರುವಿಗೆ ಬೆನ್ನು ಕೊಟ್ಟು ಕೂತಳು. ನಾನು ಪುಸ್ತಕ ಓದಿದೆ. ಬಸ್ಸು ಬಂತು, ಲೆಕ್ಕ ತಪ್ಪಾಯಿತು, ಕುಣಿತ ಮುಗಿಯಿತು. ಅವಳು ಎದ್ದು ಬರಲಿಲ್ಲ. ಚಿತ್ರದ ಕಡೆ ನೋಡದೆ ಸಾಕ್ಸಿನ ದಾರ ಎಳೆಯುತ್ತಿದ್ದಳು. ನನಗೆ ಭಯವಾಯಿತು. ಆ ಮಗು ಮತ್ತೆ ತನ್ನನ್ನು ಆ ಪುಟದಲ್ಲಿ ಹುಡುಕುವುದೇ ಇಲ್ಲವೇನೋ, ಹಾಗೆ ಮಾಡಿದವಳು ನಾನೇ ಎನ್ನುವ ಭಯ.

ಪುಸ್ತಕ ಮುಚ್ಚಿದೆ. ಎಷ್ಟು ಹೇಳಬೇಕು, ಐದು ವರ್ಷದವರಿಗೆ ಎಷ್ಟು ತಿಳಿಯುತ್ತದೆ, ಪೇರೆಂಟ್ಸ್ ಏನೆಂದು ಈಮೇಲ್ ಬರೆಯುತ್ತಾರೆ, ಎಲ್ಲ ಲೆಕ್ಕ ಹಾಕಿ ಹಾಕಿ ತಲೆ ಸೋತುಹೋಗಿತ್ತು. ಸುಮ್ಮನೆ ಹೇಳಿಬಿಟ್ಟೆ.

"ಮೊನ್ನೆ ಕೇಲಿಯ ಅಜ್ಜಿ ನನ್ನನ್ನ ಒಂದು ಪ್ರಶ್ನೆ ಕೇಳಿದರು. ನಮ್ಮೂರಿನಲ್ಲಿ ಎಲ್ಲರಿಗಿಂತ ಮೊದಲಿನಿಂದ ಇರೋ ಜನ ನಿನಗೆ ಯಾರಾದರೂ ಗೊತ್ತಾ ಅಂತ. ನಾನು ಇಲ್ಲ ಅಂದೆ. ಅದು ಸುಳ್ಳು. ಒಬ್ಬಳು ಹುಡುಗಿ ಗೊತ್ತಿದ್ದಳು."

ಕೇಲಿಯ ಬೆರಳು ಸಾಕ್ಸಿನ ಮೇಲೆ ನಿಂತಿತು.

"ನಿಮ್ಮ ಫ್ರೆಂಡಾ?" ಎಂದು ಮುಂದೆ ಕೂತ ಮಗು ಕೇಳಿತು.

"ಇಲ್ಲ. ನಾನು ಅವಳ ಟೀಚರ್. ಅವಳು ಹೊಸ ಬಟ್ಟೆ ಹಾಕ್ಕೊಂಡು ಸ್ಕೂಲಿಗೆ ಬಂದಿದ್ದಳು. ನಾನು ಅದನ್ನ ತೆಗೆಸಿ ಎಲೆ ಕಟ್ಟಿಸಿದೆ. ಮುಖಕ್ಕೆ ಕಪ್ಪು ಬಳಿದೆ. ಎಲ್ಲರೂ ಅವಳನ್ನ ನೋಡಿ ನಕ್ಕರು. ಆಮೇಲೆ ಅವಳು ಸ್ಕೂಲಿಗೆ ಬರಲೇ ಇಲ್ಲ."

"ಯಾಕೆ ಹಾಗೆ ಮಾಡಿದ್ರಿ?" ಎಂದು ಇನ್ನೊಂದು ಮಗು ಕೇಳಿತು.

"ಎಲ್ಲರೂ ಮಾಡ್ತಿದ್ದರು. ಅವಳನ್ನ ನಾನು ಕೇಳಲೇ ಇಲ್ಲ."

"ಸಾರಿ ಹೇಳಿದ್ರಾ?"

"ಇಲ್ಲ."

ಕೇಲಿ ಎದ್ದು ನಿಂತಳು. ಮಕ್ಕಳ ನಡುವೆ ದಾರಿ ಮಾಡಿಕೊಂಡು, ಯಾರ ಕೈಯನ್ನೂ ತುಳಿಯದ ಹಾಗೆ ನೋಡಿ ಹೆಜ್ಜೆ ಇಡುತ್ತ, ನನ್ನ ಕುರ್ಚಿಯ ಹತ್ತಿರಕ್ಕೆ ಬಂದಳು. "ಅವಳ ಹೆಸರೇನು?" ಎಂದಳು.

ಬಾಯಿ ತೆರೆದೆ. ಬೆಂಚು ಕಣ್ಣಿಗೆ ಕಟ್ಟಿತು, ಬಿಳಿ ಚೂಡಿದಾರಿನ ಮಡಿಕೆ ಕಣ್ಣಿಗೆ ಕಟ್ಟಿತು, ಅವಳು ಬರೆದ ನದಿ ಕಣ್ಣಿಗೆ ಕಟ್ಟಿತು. ಅವಳ ಜೊತೆ ಕುಣಿದ ಐವರ ಹೆಸರೂ ಒಂದರ ಹಿಂದೆ ಒಂದು ಬಂದವು. ಗುಮಾಸ್ತನ ಹೆಸರು ಬಂತು. ಅವಳದು ಬರಲಿಲ್ಲ. ಕಣ್ಣು ಮುಚ್ಚಿ ಹುಡುಕಿದೆ. ಆ ಹಾಜರಿ ಪುಸ್ತಕದಲ್ಲಿ ಎಷ್ಟು ದಿನ ಆ ಹೆಸರಿನ ಮುಂದೆ ಪೆನ್ನು ಆಡಿಸಿದ್ದೆ. ಇಲ್ಲ. ಯಾವುದಾದರೂ ಒಂದು ಹೆಸರು ಹೇಳಿಬಿಡಬಹುದಿತ್ತು, ಯಾರಿಗೆ ಗೊತ್ತಾಗುತ್ತದೆ. ಹೇಳಲು ಆಗಲಿಲ್ಲ.

"ಮರೆತುಹೋಗಿದೆ, ಕೇಲೀ."

ಅವಳು ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ; ನನಗೆ ತಿಳಿಯದ ಒಂದು ವಿಷಯವನ್ನು ತಿಳಿಸಿಕೊಡುವವಳ ಹಾಗೆ.

"ಅವಳಿಗೆ ನಿಮ್ಮ ಹೆಸರು ಗೊತ್ತಿರುತ್ತೆ, ಮಿಸ್ ಪ್ರತಿಭಾ" ಎಂದಳು.

ಹೇಳಿ, ತಿಂಡಿಯ ಹೊತ್ತಾಗಿದ್ದರಿಂದ ಕೈ ತೊಳೆಯಲು ಹೋದಳು.